ಕಾಯಿಲೆಯ ಹೆಸರಿಗೆ ಅಂಜಿ ತಪಾಸಣೆ ಮುಂದೂಡಬಹುದೇ?

ಪ್ರಶ್ನೆ: ನನಗೆ 37 ವರ್ಷ. ಶಿಡ್ಲಘಟ್ಟದ ಹತ್ತಿರದ ಹಳ್ಳಿಯಲ್ಲಿ ನಮ್ಮದೊಂದು ಸಣ್ಣ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕವಿದೆ. ಬಿಸಿನೀರಿನಲ್ಲಿ ಬೆಂದ ಗೂಡಿನಿಂದ ಎಳೆ ತೆಗೆಯುವ ಕೆಲಸವನ್ನು ಹದಿನೈದು ವರ್ಷಗಳಿಂದ ಮಾಡುತ್ತಿದ್ದೇನೆ. ನಾಲ್ಕು ತಿಂಗಳಿಂದ ಎರಡೂ ಕೈಗಳ ಬೆರಳುಗಳ ಬುಡ ಮತ್ತು ಮಣಿಕಟ್ಟು ಊದಿಕೊಂಡಿವೆ. ಬೆಳಿಗ್ಗೆ ಎದ್ದಾಗ ಮುಷ್ಟಿ ಕಟ್ಟಲು ಆಗುವುದಿಲ್ಲ, ಒಂಬತ್ತು ಗಂಟೆಯಾದರೂ ಬಿಗಿತ ಬಿಡುವುದಿಲ್ಲ. ಮುದ್ದೆ ಕೋಲು ಹಿಡಿಯುವ ಕೆಲಸವನ್ನು ಈಗ ಅತ್ತೆಯವರೇ ಮಾಡುತ್ತಿದ್ದಾರೆ. ಊರಿನ ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್ ಹಾಕಿಸಿಕೊಂಡರೆ ಒಂದು ವಾರ ಹಗುರವಾಗಿ, ಮತ್ತೆ ನೋವು ಮರಳುತ್ತದೆ. ಅಲ್ಲಿ ಮಾಡಿಸಿದ ಆರ್‌ಎ ಫ್ಯಾಕ್ಟರ್ ಎಂಬ ಸಂಧಿವಾತದ ರಕ್ತಪರೀಕ್ಷೆ ನೆಗೆಟಿವ್ ಬಂತು. ಆದರೂ ಆ ವೈದ್ಯರು ಸಂಧಿವಾತದ ಅನುಮಾನವಿದೆ, ತಜ್ಞರಿಗೆ ತೋರಿಸಿ ಎಂದರು. ನಮಗೆ ಪರಿಚಯದ ವಿಮಾ ಏಜೆಂಟರು ಮಾತ್ರ, "ಒಮ್ಮೆ ಚೀಟಿಯಲ್ಲಿ ಕಾಯಿಲೆಯ ಹೆಸರು ಬಿದ್ದರೆ ಯಾವ ಕಂಪನಿಯೂ ಪಾಲಿಸಿ ಕೊಡುವುದಿಲ್ಲ. ಮೊದಲು ಪಾಲಿಸಿ ಮಾಡಿಸಿ, ಫಾರಂನಲ್ಲಿ ನೋವಿನ ವಿಷಯ ಬರೆಯಬೇಡಿ, ಒಂದೆರಡು ವರ್ಷ ಬಿಟ್ಟು ದೊಡ್ಡ ಆಸ್ಪತ್ರೆಗೆ ಹೋಗಿ" ಎನ್ನುತ್ತಾರೆ. ನಮ್ಮ ಯಜಮಾನರಿಗೂ ಅದೇ ಸರಿ ಎನಿಸಿದೆ. ನಾನು ಏನು ಮಾಡಲಿ?
— ಓದುಗರು, ಶಿಡ್ಲಘಟ್ಟ ತಾಲ್ಲೂಕು

ಉತ್ತರ: ದಯವಿಟ್ಟು ಇದೇ ತಿಂಗಳು ತಜ್ಞರನ್ನು ಕಾಣಿರಿ. ವಿಮೆಯ ವಿಚಾರವನ್ನು ಮುಂದೆ ವಿವರವಾಗಿ ಬರೆಯುತ್ತೇನೆ. ಆದರೆ ಅದನ್ನು ಓದಿ ತೀರ್ಮಾನಿಸಿದ ಮೇಲೆ ತಪಾಸಣೆಗೆ ಹೊರಡುವುದಲ್ಲ. ಎರಡೂ ಒಟ್ಟಿಗೆ ನಡೆಯಬೇಕಾದ ಕೆಲಸಗಳು.

ನೀವು ಬರೆದಿರುವ ಲಕ್ಷಣಗಳು ರುಮಟಾಯ್ಡ್ ಸಂಧಿವಾತಕ್ಕೆ ಬಹಳ ಮಟ್ಟಿಗೆ ಹೊಂದುತ್ತವೆ. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಒಳಪೊರೆಯ ಮೇಲೆ ತಿರುಗಿಬಿದ್ದು, ಆ ಪೊರೆ ಊದಿ ದಪ್ಪವಾಗಿ, ಕ್ರಮೇಣ ಪಕ್ಕದ ಮೃದ್ವಸ್ಥಿಯನ್ನೂ ಮೂಳೆಯನ್ನೂ ಸವೆಸುವ ಕಾಯಿಲೆ ಇದು. ಪುರುಷರಿಗಿಂತ ಮಹಿಳೆಯರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಲಕ್ಷಣ ಕಾಣಿಸಿದ ಮೊದಲ ಮೂರು ತಿಂಗಳ ಆಸುಪಾಸಿನಲ್ಲೇ ಸರಿಯಾದ ಔಷಧ ಆರಂಭವಾದರೆ ಕಾಯಿಲೆ ಹತೋಟಿಗೆ ಬರುವ ಸಾಧ್ಯತೆ ಹೆಚ್ಚೆಂಬುದು ತಜ್ಞರೆಲ್ಲ ಒಪ್ಪಿದ ಮಾತು. ನಿಮಗೆ ನಾಲ್ಕು ತಿಂಗಳಾಗಿದೆ, ಕಾಲ ಮೀರಿಲ್ಲ. ಏಜೆಂಟರು ಹೇಳುವ "ಒಂದೆರಡು ವರ್ಷ" ಕಾದರೆ ಮಾತ್ರ ಆ ಅವಧಿಯಲ್ಲಿ ಮೂಳೆಯಲ್ಲಿ ಆಗುವ ಸವೆತವನ್ನು ಯಾವ ಔಷಧವೂ ಮೊದಲಿನಂತೆ ಮಾಡಲಾರದು. ಎಳೆ ಹಿಡಿಯುವ ಬೆರಳುಗಳೇ ನಿಮ್ಮ ಜೀವನಾಧಾರ ಎಂಬುದನ್ನು ಯಜಮಾನರ ಗಮನಕ್ಕೆ ತನ್ನಿರಿ.

ಆರ್‌ಎ ಫ್ಯಾಕ್ಟರ್ ನೆಗೆಟಿವ್ ಬಂದುದರಿಂದ ಕಾಯಿಲೆ ಇಲ್ಲವೆಂದು ಹೇಳಲಾಗದು. ಈ ಕಾಯಿಲೆ ಇರುವ ನೂರು ಜನರಲ್ಲಿ ಸುಮಾರು 20ರಿಂದ 30 ಮಂದಿಗೆ ಅದು ನೆಗೆಟಿವ್ ಆಗಿಯೇ ಇರುತ್ತದೆ. ಇನ್ನೊಂದೆಡೆ, ಕಾಯಿಲೆಯೇ ಇಲ್ಲದ ಕೆಲವರಲ್ಲಿ, ಅದರಲ್ಲೂ ವಯಸ್ಸಾದವರಲ್ಲಿ, ಪಾಸಿಟಿವ್ ಬರುವುದೂ ಉಂಟು. ಆದ್ದರಿಂದ ತಜ್ಞರು ಒಂದೇ ಚೀಟಿಯನ್ನು ನಂಬುವುದಿಲ್ಲ. 2010ರಲ್ಲಿ ಅಮೆರಿಕ ಮತ್ತು ಯುರೋಪಿನ ಸಂಧಿವಾತ ತಜ್ಞರ ಸಂಸ್ಥೆಗಳು ಸೇರಿ ರೂಪಿಸಿದ ಅಂಕಪಟ್ಟಿಯಲ್ಲಿ ಎಷ್ಟು ಮತ್ತು ಯಾವ ಕೀಲುಗಳು ಬಾಧಿತವಾಗಿವೆ, ಆರ್‌ಎ ಫ್ಯಾಕ್ಟರ್ ಮತ್ತು ಆಂಟಿ-ಸಿಸಿಪಿ ಎಂಬ ಇನ್ನೊಂದು ರಕ್ತಪರೀಕ್ಷೆ ಏನು ಹೇಳುತ್ತವೆ, ರಕ್ತದಲ್ಲಿ ಉರಿಯೂತವನ್ನು ಸೂಚಿಸುವ ಇಎಸ್‌ಆರ್ ಅಥವಾ ಸಿಆರ್‌ಪಿ ಏರಿದೆಯೇ, ತೊಂದರೆ ಆರು ವಾರ ದಾಟಿದೆಯೇ ಎಂಬ ನಾಲ್ಕು ವಿಷಯಗಳಿಗೆ ಒಟ್ಟು 10 ಅಂಕಗಳಿವೆ. ಊತಕ್ಕೆ ಬೇರೆ ಕಾರಣವಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ 6 ಅಥವಾ ಹೆಚ್ಚು ಅಂಕ ಬಂದರೆ ಈ ಕಾಯಿಲೆಯೆಂದು ಪರಿಗಣಿಸುತ್ತಾರೆ. ಹಾಗಾಗಿ ರಕ್ತಪರೀಕ್ಷೆಗಿಂತ ಮೊದಲು ವೈದ್ಯರ ಕೈ ನಿಮ್ಮ ಕೈಯನ್ನು ಪರೀಕ್ಷಿಸಬೇಕು. ನಾಲ್ಕು ಬೆರಳುಗಳ ಬುಡದ ಗೆಣ್ಣುಗಳನ್ನು ಎರಡೂ ಪಕ್ಕದಿಂದ ಹಿಡಿದು ಹಗುರವಾಗಿ ಅದುಮುತ್ತಾರೆ. ಕೈಕುಲುಕುವಷ್ಟೇ ಒತ್ತಡ, ಅಷ್ಟಕ್ಕೇ ನೋವಿನಿಂದ ಕೈ ಹಿಂದಕ್ಕೆ ಎಳೆದುಕೊಂಡರೆ ಅದು ದೊಡ್ಡ ಸುಳಿವು. ಬೆರಳ ತುದಿಯ, ಉಗುರಿನ ಪಕ್ಕದ ಗೆಣ್ಣುಗಳು ಸಾಮಾನ್ಯವಾಗಿ ಈ ಕಾಯಿಲೆಯಲ್ಲಿ ಸೇರುವುದಿಲ್ಲ. ಅವು ಗಂಟುಕಟ್ಟುವುದು ವಯಸ್ಸಿನ ಸವೆತದಲ್ಲಿ.

ಬೇರೆ ಕಾರಣಗಳನ್ನೂ ವೈದ್ಯರು ವಿಚಾರಿಸುತ್ತಾರೆ. ಹಿಂದೆ ಚಿಕುನ್‌ಗುನ್ಯಾ ಬಂದಿತ್ತೇ ಎಂಬುದನ್ನು ಹೇಳಿರಿ, ಏಕೆಂದರೆ ಅದರ ಕೀಲುನೋವು ತಿಂಗಳುಗಟ್ಟಲೆ ಉಳಿದು ಥೇಟ್ ಇದೇ ರೂಪದಲ್ಲಿ ಕಾಡಬಲ್ಲದು. ಕುಡಿಯುವುದು ಆಳವಾದ ಕೊಳವೆಬಾವಿಯ ನೀರೇ ಎಂಬುದನ್ನೂ ತಿಳಿಸಿರಿ. ಚಿಕ್ಕಬಳ್ಳಾಪುರ, ಕೋಲಾರ, ಪಾವಗಡದ ಕಡೆ ಫ್ಲೋರೈಡ್‌ನಿಂದ ಮೂಳೆ ಕೀಲು ಬಿಗಿಯುವ ತೊಂದರೆ ನಮಗೆಲ್ಲ ಗೊತ್ತಿರುವುದೇ. ಆದರೆ ಅದು ಹೆಚ್ಚಾಗಿ ಬೆನ್ನುಮೂಳೆ, ಸೊಂಟ, ಮೊಣಕಾಲುಗಳನ್ನು ಹಿಡಿಯುತ್ತದೆ, ಬೆರಳ ಬುಡ ಊದಿಸುವುದಿಲ್ಲ. ಆರಂಭದ ಎಕ್ಸ್‌ರೇಯಲ್ಲಿ ಏನೂ ಕಾಣದೆ ಇರಬಹುದು, ಆಗ ಕೀಲಿನ ಅಲ್ಟ್ರಾಸೌಂಡ್ ನೆರವಾಗುತ್ತದೆ. ಇನ್ನೊಂದು ಮುಖ್ಯ ಮಾತು: ವಾರ ಹಗುರಗೊಳಿಸುವ ಆ ಇಂಜೆಕ್ಷನ್ ಸ್ಟೆರಾಯ್ಡ್ ಇರಬಹುದು. ತಜ್ಞರನ್ನು ಕಾಣುವ ಮುನ್ನ ಅದನ್ನು ಮತ್ತೆ ಹಾಕಿಸಿಕೊಳ್ಳಬೇಡಿರಿ. ಊತವನ್ನು ತಾತ್ಕಾಲಿಕವಾಗಿ ಇಳಿಸಿ ಪರೀಕ್ಷೆಯ ದಿನ ಕೈ ಸುಳ್ಳು ಹೇಳುವಂತೆ ಮಾಡುತ್ತದೆ. ಈಗಾಗಲೇ ಪಡೆದಿರುವ ಇಂಜೆಕ್ಷನ್ನುಗಳ ಹೆಸರು ಕೇಳಿ ಬರೆದುಕೊಳ್ಳಿರಿ.

ಇನ್ನು ವಿಮೆ. ಏಜೆಂಟರ ಮಾತಿನಲ್ಲಿ ಸ್ವಲ್ಪ ನಿಜವಿದೆ. ಕಾಯಿಲೆ ಗುರುತಾದ ಮೇಲೆ ಖಾಸಗಿ ಪಾಲಿಸಿಗೆ ಅರ್ಜಿ ಹಾಕಿದರೆ ಕೆಲವು ಕಂಪನಿಗಳು ನಿರಾಕರಿಸಬಹುದು, ಕೆಲವು ಪ್ರೀಮಿಯಂ ಹೆಚ್ಚಿಸಬಹುದು. ಆದರೆ ಅವರು ತೋರಿಸಿದ ದಾರಿ ನಿಮ್ಮನ್ನು ಕಾಯುವುದಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮದಲ್ಲಿ "ಮೊದಲೇ ಇದ್ದ ಕಾಯಿಲೆ" ಎಂದರೆ ಹೆಸರು ಬಿದ್ದ ಕಾಯಿಲೆ ಮಾತ್ರವಲ್ಲ. ಪಾಲಿಸಿಗೆ ಹಿಂದಿನ 36 ತಿಂಗಳಲ್ಲಿ ವೈದ್ಯರ ಸಲಹೆ ಅಥವಾ ಚಿಕಿತ್ಸೆ ಪಡೆದ ತೊಂದರೆಯೂ ಅದರಲ್ಲಿ ಸೇರುತ್ತದೆ. ನೀವು ಈಗಾಗಲೇ ಕ್ಲಿನಿಕ್ಕಿಗೆ ಹೋಗಿ, ಇಂಜೆಕ್ಷನ್ ಪಡೆದು, ರಕ್ತಪರೀಕ್ಷೆಯನ್ನೂ ಮಾಡಿಸಿದ್ದೀರಿ. ಅಷ್ಟೇ ಅಲ್ಲ, ಮುಂದೆ ಯಾವ ಆಸ್ಪತ್ರೆಗೆ ಸೇರಿದರೂ ಮೊದಲ ಪ್ರಶ್ನೆ "ಎಷ್ಟು ದಿನದಿಂದ ನೋವು?" ಎಂಬುದೇ. ನೀವು ಕೊಡುವ ಪ್ರಾಮಾಣಿಕ ಉತ್ತರ ಕೇಸ್ ಶೀಟಿನಲ್ಲಿ ದಾಖಲಾಗಿ, ಕ್ಲೇಮಿನೊಂದಿಗೆ ಕಂಪನಿಯ ಮೇಜಿಗೆ ಹೋಗುತ್ತದೆ. ಆಗ ಫಾರಂನಲ್ಲಿ ಮುಚ್ಚಿಟ್ಟಿದ್ದು ಬಯಲಾಗಿ ಕ್ಲೇಮ್ ತಿರಸ್ಕೃತವಾಗಬಹುದು, ಪಾಲಿಸಿಯೇ ರದ್ದಾಗಬಹುದು. ಕಟ್ಟಿದ ಹಣವೂ ಹೋಗುತ್ತದೆ. ಪಾಲಿಸಿ ಸತತವಾಗಿ 60 ತಿಂಗಳು ನಡೆದ ಮೇಲೆ ಮಾಹಿತಿ ಕೊಡಲಿಲ್ಲವೆಂಬ ಕಾರಣಕ್ಕೆ ಕಂಪನಿ ತಕರಾರು ತೆಗೆಯುವಂತಿಲ್ಲ ಎಂಬ ನಿಯಮವಿರುವುದು ನಿಜ, ಆದರೆ ಸಾಬೀತಾದ ವಂಚನೆಗೆ ಆ ರಕ್ಷಣೆ ಇಲ್ಲ. ಫಾರಂನಲ್ಲಿ ಬೇಕೆಂದೇ ಸುಳ್ಳು ಬರೆಯಿರಿ ಎನ್ನುವವರು ಕ್ಲೇಮಿನ ದಿನ ನಿಮ್ಮ ಜೊತೆ ನಿಲ್ಲಲಾರರು.

ಇದ್ದದ್ದನ್ನು ಇದ್ದಂತೆ ಬರೆದರೆ ಏನಾಗುತ್ತದೆ? 2024ರ ನಿಯಮದಂತೆ, ತಿಳಿಸಿದ ಕಾಯಿಲೆಗೆ ಕ್ಲೇಮ್ ಸಿಗದೆ ಕಾಯಬೇಕಾದ ಅವಧಿ 36 ತಿಂಗಳನ್ನು ಮೀರುವಂತಿಲ್ಲ. ಒಬ್ಬರು ನಿರಾಕರಿಸಿದರೆ ಇನ್ನೊಬ್ಬರನ್ನು ಕೇಳಿರಿ. ಯಜಮಾನರಿಗೂ ಮಕ್ಕಳಿಗೂ ಪ್ರತ್ಯೇಕ ಪಾಲಿಸಿ ಈಗಲೇ ಮಾಡಿಸಿರಿ. ನಿಮ್ಮ ಅರ್ಜಿ ನಿಂತರೆ ಅವರದೂ ನಿಲ್ಲಬೇಕಾಗಿಲ್ಲ. ನಿಮ್ಮ ಮನೆಯಲ್ಲಿ ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಒಳರೋಗಿ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷದವರೆಗೆ. ಅಲ್ಲಿ ಹಳೆಯ ಕಾಯಿಲೆ, ಹೊಸ ಕಾಯಿಲೆ ಎಂಬ ಭೇದವಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ಸಂಗತಿಯನ್ನು ಏಜೆಂಟರು ನಿಮಗೆ ಹೇಳಿಲ್ಲ. ಈ ಕಾಯಿಲೆಯ ಚಿಕಿತ್ಸೆ ಬಹುಪಾಲು ಹೊರರೋಗಿ ವಿಭಾಗದಲ್ಲೇ ನಡೆಯುತ್ತದೆ, ಸಾಮಾನ್ಯ ಪಾಲಿಸಿಗಳು ಹಣ ಕೊಡುವುದು ಆಸ್ಪತ್ರೆಗೆ ದಾಖಲಾದಾಗ. ಎಂದರೆ, ವೈದ್ಯರ ಶುಲ್ಕ, ರಕ್ತಪರೀಕ್ಷೆ, ತಿಂಗಳ ಮಾತ್ರೆ ಹೇಗೂ ನಿಮ್ಮ ಕೈಯಿಂದಲೇ ಹೋಗುವ ಖರ್ಚು. ಸಮಾಧಾನದ ವಿಷಯವೆಂದರೆ ಮೊದಲು ಕೊಡುವ ಮೆಥೊಟ್ರೆಕ್ಸೇಟ್ ದುಬಾರಿ ಔಷಧವಲ್ಲ. ಅದು ಸಾಲದೆ ಬಯಾಲಜಿಕ್ ಎಂಬ ಬೆಲೆಬಾಳುವ ಚುಚ್ಚುಮದ್ದು ಬೇಕಾಗುವವರು ಕೆಲವರು. ಪ್ರಾಮಾಣಿಕವಾಗಿ ಪಡೆದ ಪಾಲಿಸಿ ನೆರವಿಗೆ ಬರಬಹುದಾದದ್ದು ಅಂಥ ಹೊತ್ತಿನಲ್ಲಿ.

ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಯ ಮೆಡಿಸಿನ್ ವಿಭಾಗದಲ್ಲಿ ಆರಂಭಿಸಬಹುದು. ಸಂಧಿವಾತಕ್ಕೇ ಮೀಸಲಾದ ವಿಭಾಗ ಬೇಕೆಂದರೆ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿದೆ. ಹೋಗುವ ಮುನ್ನ ಒಂದು ವಾರ, ಬೆಳಿಗ್ಗೆ ಎದ್ದ ಸಮಯ ಮತ್ತು ಮುಷ್ಟಿ ಪೂರ್ತಿ ಮುಚ್ಚಲಾದ ಸಮಯವನ್ನು ಬರೆದಿಡಿರಿ. ಊತ ಹೆಚ್ಚಿರುವ ಬೆಳಗಿನ ಹೊತ್ತಿನಲ್ಲಿ ಎರಡೂ ಕೈಗಳ ಫೋಟೊ ತೆಗೆದಿಡಿರಿ, ಏಕೆಂದರೆ ಬಸ್ಸು ಹಿಡಿದು ಬೆಂಗಳೂರು ಮುಟ್ಟಿ ಸರದಿ ಬರುವ ವೇಳೆಗೆ ಊತ ಇಳಿದಿರಬಹುದು.

ಪ್ರಶ್ನೆ: ತುಮಕೂರಿನ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಟೈಲರ್. ರುಮಟಾಯ್ಡ್ ಸಂಧಿವಾತವೆಂದು ಕಳೆದ ತಿಂಗಳು ಗೊತ್ತಾಯಿತು. ಸಂಬಳದಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತವಾಗುತ್ತಿದೆ. ಬೇರೆ ವಿಮೆ ಇಲ್ಲದೆ ಹೆದರಿಕೆಯಾಗಿದೆ. ನನ್ನ ಚಿಕ್ಕಮ್ಮ ಇದೇ ಕಾಯಿಲೆಗೆ ನುಂಗುವ ಮಾತ್ರೆಯನ್ನೇ ನಾನೂ ತೆಗೆದುಕೊಳ್ಳಬಹುದೇ?
— ಓದುಗರು, ತುಮಕೂರು

ಉತ್ತರ: ಇಎಸ್‌ಐ ಇರುವಾಗ ನಿಮ್ಮ ಸ್ಥಿತಿ ಖಾಸಗಿ ಪಾಲಿಸಿ ಇರುವ ಅನೇಕರಿಗಿಂತ ಮೇಲು. ಅಲ್ಲಿ ಮೊದಲೇ ಇದ್ದ ಕಾಯಿಲೆ ಎಂಬ ತಕರಾರಿಲ್ಲ. ಹೊರರೋಗಿ ತಪಾಸಣೆ ಮತ್ತು ಔಷಧವೂ ಸೇರುತ್ತವೆ. ಡಿಸ್ಪೆನ್ಸರಿಯಿಂದ ತಜ್ಞರಿಗೆ ಕಳುಹಿಸುವ ಚೀಟಿ ಕೇಳಿ ಪಡೆಯಿರಿ. ನೋವಿನಿಂದ ರಜೆ ಅನಿವಾರ್ಯವಾದರೆ, ವಂತಿಗೆಯ ಷರತ್ತು ಪೂರೈಸಿದವರಿಗೆ ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇ 70ರಷ್ಟು ಅನಾರೋಗ್ಯ ಭತ್ಯೆ ಇದೆ.

ಚಿಕ್ಕಮ್ಮನವರ ಮಾತ್ರೆಯನ್ನು ಖಂಡಿತ ತೆಗೆದುಕೊಳ್ಳಬೇಡಿರಿ. ಅದು ಮೆಥೊಟ್ರೆಕ್ಸೇಟ್ ಆಗಿದ್ದರೆ ವಾರಕ್ಕೆ ಒಂದೇ ದಿನ ನುಂಗುವ ಔಷಧ. ತಪ್ಪಿ ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಗರ್ಭಿಣಿಯರಿಗೂ ಮಗುವಿನ ಯೋಚನೆಯಲ್ಲಿರುವವರಿಗೂ ಅದು ನಿಷಿದ್ಧ. ನಿಮ್ಮ ವೈದ್ಯರು ಅದನ್ನೇ ಬರೆದುಕೊಟ್ಟರೆ, ಜೊತೆಗೆ ಫೋಲಿಕ್ ಆಮ್ಲದ ಮಾತ್ರೆಯೂ, ರಕ್ತಕಣ ಮತ್ತು ಯಕೃತ್ತಿನ ಪರೀಕ್ಷೆಗೆ ಬರಬೇಕಾದ ದಿನಾಂಕವೂ ಚೀಟಿಯಲ್ಲಿವೆಯೇ ನೋಡಿಕೊಳ್ಳಿರಿ. ವಾರದ ಯಾವ ದಿನ ನುಂಗಬೇಕೆಂಬುದನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆಸಿಕೊಳ್ಳಿರಿ.