ನೀರಿನ ಯೋಜನೆ ಬಾಳಿಕೆ ಬರಬೇಕಂದ್ರೆ ಸೋಲಾರ್ ಹಾಕಿದರೆ ಸಾಕೇ?

ಹಾವೇರಿ ಕಡೆಯ ನಿಮ್ಮೂರಿಗೆ ಹೊಸ ಕುಡಿಯುವ ನೀರಿನ ಯೋಜನೆಯ ಡಿಪಿಆರ್ (ವಿವರವಾದ ಯೋಜನಾ ವರದಿ) ಆಗ್ತಿದೆ, ಪಂಪ್‌ಹೌಸ್ ಮೇಲೆ ಸೋಲಾರ್ ಕೂರಿಸಿದರೆ ಅದು ಸುಸ್ಥಿರ ಆಗಿಬಿಡುತ್ತಾ ಅಂತ ಕೇಳಿದ್ದೀರಿ. ಸೋಲಾರ್ ಬೇಡ ಅನ್ನಲ್ಲ, ಆದರೆ ಅದು ಕೊನೆಗೆ ನೋಡೋ ಮಾತು. ಧಾರವಾಡದಲ್ಲಿ ಪೈಪ್‌ಲೈನ್ ಡಿಸೈನ್ ಮಾಡುವವನು ನಾನು. ಮೊದಲು ಪೈಪಿನ ಅಳತೆ ನೋಡಿ ಅಂತೀನಿ.

ನಮ್ಮ ಅವಳಿ ನಗರಕ್ಕೆ ಮಲಪ್ರಭೆ ನೀರು ಬರೋದು ಸವದತ್ತಿ ಹತ್ತಿರದ ನವಿಲುತೀರ್ಥದಿಂದ. ಧಾರವಾಡ ಅದಕ್ಕಿಂತ ಎತ್ತರದಲ್ಲಿದೆ, ಹಾಗಾಗಿ ಪಂಪ್ ಇಲ್ಲದೆ ಒಂದು ಕೊಡವೂ ಬರಲ್ಲ. ಹತ್ತು ಲಕ್ಷ ಲೀಟರ್ ನೀರನ್ನು 100 ಮೀಟರ್ ಎತ್ತಲು, ಪಂಪು-ಮೋಟರಿನ ದಕ್ಷತೆ ಶೇ 70 ಅಂತ ಹಿಡಿದರೆ, ಸುಮಾರು 390 ಯೂನಿಟ್ ಕರೆಂಟ್ ಬೇಕು. ಇದು ಬರೀ ಎತ್ತರದ ಲೆಕ್ಕ. ಪೈಪಿನೊಳಗಿನ ಘರ್ಷಣೆಯದು ಬೇರೆ. 500 ಮಿ.ಮೀ. ಬದಲು 450ರ ಪೈಪ್ ಹಾಕಿದರೆ ಅಂದಾಜು ಪಟ್ಟಿ ಇಳಿಯುತ್ತೆ, ಎಲ್ಲರಿಗೂ ಖುಷಿ. ಆದರೆ ಅಷ್ಟೇ ನೀರು ಹರಿಸಲು ಘರ್ಷಣೆ ಸುಮಾರು ಶೇ 65ರಷ್ಟು ಜಾಸ್ತಿ. ಪಂಪನ್ನು 15 ವರ್ಷಕ್ಕೆ ಬದಲಿಸಬಹುದು, ಪೈಪ್ ಹೂತಿದ್ದು 30 ವರ್ಷಕ್ಕೆ. ಅಷ್ಟೂ ವರ್ಷ ಆ ಹೆಚ್ಚಿನ ಕರೆಂಟ್ ಬಿಲ್ ಕಟ್ಟೋರು ನೀವೇ. ಆದ್ದರಿಂದ 30 ವರ್ಷದ ಕರೆಂಟ್ ಖರ್ಚು ಸೇರಿಸಿ ಪೈಪ್ ಆರಿಸಿದ್ದಾರಾ ಅಂತ ಕೇಳಿ.

ಹಂಚಿಕೆಯ ಜಾಲದ್ದು ಇನ್ನೊಂದು ಕಥೆ. ಸೋರಿಕೆ ಹೆಚ್ಚಾಗಿ ಕಾಣೋದು ಮನೆ ಕನೆಕ್ಷನ್ ಕೂಡೋ ಜಾಗದಲ್ಲಿ. ವಾರಕ್ಕೊಮ್ಮೆ ನಳ ಬಿಡೋ ಊರಲ್ಲಿ ಖಾಲಿ ಪೈಪು ಅದೇ ತೂತಿನಿಂದ ಗಟಾರದ ನೀರನ್ನೂ ಎಳೆದುಕೊಳ್ಳುತ್ತೆ. ಮೇಲಾಗಿ ನಳ ಬಂದ ದಿನ ಬ್ಯಾರಲ್‌ನಲ್ಲಿದ್ದ ಹಳೇ ನೀರು ಅಂಗಳಕ್ಕೆ ಚೆಲ್ಲೋದು ಇದ್ದೇ ಇದೆ! ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಲ್ಲಿ 2008ರ ಹೊತ್ತಿಗೆ ಪೈಪು, ಕನೆಕ್ಷನ್ ಎರಡನ್ನೂ ಹೊಸದಾಗಿ ಹಾಕಿ, ಮೀಟರ್ ಕೂರಿಸಿ 24×7 ನೀರು ಕೊಟ್ಟರು. ಆಮೇಲೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ನಳದ ನೀರು ಪರೀಕ್ಷಿಸಿದಾಗ, ಬಿಟ್ಟು ಬಿಟ್ಟು ನೀರು ಬರೋ ವಾರ್ಡುಗಳಿಗಿಂತ ಅಲ್ಲಿ ಬ್ಯಾಕ್ಟೀರಿಯಾ ಕಡಿಮೆ ಇತ್ತು.

ನೀರಿನ ಮೂಲದ ಬಗ್ಗೆ ಹೇಳೋದು ಚಿಕ್ಕದು. ವರದೆಯಾಗಲಿ ತುಂಗಭದ್ರೆಯಾಗಲಿ, ಸರಾಸರಿ ಹರಿವು ತೋರಿಸಿದರೆ ಒಪ್ಪಬೇಡಿ, ಬರಗಾಲದ ವರ್ಷದ ಏಪ್ರಿಲ್-ಮೇ ಲೆಕ್ಕ ಕೇಳಿ. ಹುಬ್ಬಳ್ಳಿಗೆ ನೀರು ಕೊಡೋ ನೀರಸಾಗರ ಜಲಾಶಯ ತಳ ಕಂಡಿದ್ದು ನಮ್ಮ ಕಡೆಯವರಿಗೆ ಗೊತ್ತು.

ಹಾಂ, ಒಳಚರಂಡಿ. ತಲೆಗೆ ದಿನಕ್ಕೆ 135 ಲೀಟರ್ ಕೊಟ್ಟರೆ ಅದರಲ್ಲಿ ನೂರಕ್ಕೂ ಹೆಚ್ಚು ಲೀಟರ್ ಕೊಳೆನೀರಾಗಿ ಹೊರಬೀಳುತ್ತೆ. ಅದಕ್ಕೆ ಡಿಪಿಆರ್‌ನಲ್ಲೋ ಜೊತೆಗಿನ ಬೇರೆ ಯೋಜನೆಯಲ್ಲೋ ದುಡ್ಡು ಇಟ್ಟಿಲ್ಲ ಅಂದರೆ, ಅದು ಸೇರೋದು ನಿಮ್ಮೂರ ಕೆರೆಗೇ.