ಮದುವೆ ಮನೆ ಅನ್ನ ತಿಂದ ಹಸು, ಗಿಣ್ಣು ಸಿಗದ ಕರು

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಮಾತು ಕೇಳುತ್ತಿವೆ: "ರೋಗ ಬರದ ಹಾಗೆ ಯಾವ ಟಾನಿಕ್ ಕೊಡಬೇಕು ಮೇಡಂ?" 1989ರಿಂದ 31 ವರ್ಷ ಹಳ್ಳಿ ಪಶು ಆಸ್ಪತ್ರೆಗಳಲ್ಲಿ ಕೆಲಸ ಮಾಡಿದವಳು ನಾನು. ಟಾನಿಕ್ ಹೆಸರು ಬರೆಯೋದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಪತ್ರಗಳನ್ನು ಓದಿದರೆ ನಿಮಗೇ ಗೊತ್ತಾಗುತ್ತದೆ, ತೊಂದರೆ ಶುರುವಾದದ್ದು ಹೊಟ್ಟೆಯಲ್ಲಿ.

ಪ್ರಶ್ನೆ: ಮನೆಯಲ್ಲಿ ಮದುವೆ ಮುಗಿದ ಮಾರನೇ ದಿನ ಉಳಿದಿದ್ದ ಅನ್ನ, ಪಾಯಸವನ್ನು ಎರಡು ಬಕೆಟ್ ಹಸುವಿಗೆ ಇಟ್ಟೆವು. ಚಪ್ಪರಿಸಿ ತಿಂದಿತು. ರಾತ್ರಿ ಮೆಲುಕು ನಿಂತಿತು, ಹಲ್ಲು ಕಡಿಯುತ್ತಿತ್ತು. ಬೆಳಗ್ಗೆ ಮಲಗಿದ್ದು ಏಳಲೇ ಇಲ್ಲ. ಡಾಕ್ಟರು ಡ್ರಿಪ್ ಹಾಕಿ ಉಳಿಸಿಕೊಟ್ಟರು. ಅನ್ನ ಹಳಸಿರಲಿಲ್ಲ, ನಾವೂ ಅದನ್ನೇ ಉಂಡಿದ್ದೆವು. ಮತ್ತೆ ಯಾಕೆ ಹೀಗಾಯಿತು?
– ಕುಣಿಗಲ್ ತಾಲ್ಲೂಕಿನ ಓದುಗರು

ಉತ್ತರ: ಹಸು ಉಳಿಯಿತಲ್ಲ, ನಿಮ್ಮ ಅದೃಷ್ಟ. ಮದುವೆ ಸೀಸನ್‌ನಲ್ಲಿ ಇಂಥ ಕೇಸು ನೋಡದ ವರ್ಷವೇ ನನಗಿಲ್ಲ. ಚಪ್ಪರದ ಹಿಂದೆ ಸುರಿದ ಅನ್ನಕ್ಕೆ ಹಗ್ಗ ಬಿಚ್ಚಿಕೊಂಡು ಬಂದ ಹಸು, ರಾಗಿ ಹಿಟ್ಟಿನ ಚೀಲಕ್ಕೆ ಬಾಯಿ ಹಾಕಿದ ಎಮ್ಮೆ, ಎಲ್ಲಾ ಒಂದೇ ಕಥೆ.

ಹಸುವಿನ ಮೊದಲ ಹೊಟ್ಟೆ, ಅಂದರೆ ಮೆಲುಕು ಚೀಲ, ನೂರು ಲೀಟರಿಗೂ ಜಾಸ್ತಿ ಹಿಡಿಯುವ ಹಂಡೆ. ಅದರೊಳಗೆ ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳಿವೆ. ಹುಲ್ಲಿನ ನಾರನ್ನು ಒಡೆಯುವುದು ಅವು, ಹಸುವಲ್ಲ. ರಾಗಿ ಹುಲ್ಲು ತಿಂದು ಬೆಳೆದ ಹಸುವಿನಲ್ಲಿ ಹುಲ್ಲು ಒಡೆಯುವ ಜೀವಿಗಳೇ ಹೆಚ್ಚು. ಅಲ್ಲಿಗೆ ಒಮ್ಮೆಲೇ ಎರಡು ಬಕೆಟ್ ಅನ್ನ ಬಿದ್ದರೆ? ಪಿಷ್ಟ ತಿನ್ನುವ ಜೀವಿಗಳಿಗೆ ಹಬ್ಬ. ದೋಸೆ ಹಿಟ್ಟು ರಾತ್ರೋರಾತ್ರಿ ಉಬ್ಬಿ ಹುಳಿಯಾಗುತ್ತದಲ್ಲ, ಹಾಗೆಯೇ ಹೊಟ್ಟೆಯೊಳಗೂ ಆಗುತ್ತದೆ. ಹುಳಿ ಏರಿದಂತೆ ಹುಲ್ಲು ಒಡೆಯುವ ಜೀವಿಗಳು ಸಾಯುತ್ತವೆ. ಆ ಹುಳಿ ಮೈಯಲ್ಲಿರುವ ನೀರನ್ನೆಲ್ಲ ಹೊಟ್ಟೆಗೆ ಎಳೆದುಕೊಳ್ಳುತ್ತದೆ. ಕಣ್ಣು ಗುಳಿ ಬೀಳುವುದು, ನಿಲ್ಲಲಾರದೆ ಮಲಗುವುದು ಅದಕ್ಕೇ.

ಹುಲ್ಲು ತಿಂದರೆ ಇನ್ನೊಂದು ಲಾಭ ಇದೆ. ಒಂದು ಉಂಡೆ ಬಾಯಿಗೆ ಬಂದರೆ ಹಸು 50-60 ಸಲ ಅಗಿಯುತ್ತದೆ, ಕೂತು ಎಣಿಸಿ ನೋಡಿ. ಹೀಗೆ ಅಗಿಯುವಾಗ ಬರುವ ಜೊಲ್ಲಿನಲ್ಲಿ ನಮ್ಮ ಅಡುಗೆ ಸೋಡಾದಂಥ ಕ್ಷಾರ ಇರುತ್ತದೆ. ಹುಳಿಯನ್ನು ಮುರಿಯುವುದು ಅದೇ. ಅನ್ನವನ್ನು ಅಗಿಯಬೇಕಾದ್ದೇ ಇಲ್ಲ. ಜೊಲ್ಲೂ ಕಡಿಮೆ, ಹುಳಿಗೆ ತಡೆಯೂ ಇಲ್ಲ.

ಇನ್ನೊಂದು ಸಲ ಹೀಗಾದರೆ ಮೊದಲು ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಡಾಕ್ಟರು ಬರುವ ತನಕ ಹಸು ನಿಂತಿದ್ದರೆ, ಚೆನ್ನಾಗಿ ನುಂಗುತ್ತಿದ್ದರೆ, 100 ಗ್ರಾಂ ಅಡುಗೆ ಸೋಡಾವನ್ನು ಒಂದು ಲೀಟರ್ ನೀರಿನಲ್ಲಿ ಕದಡಿ ಸ್ವಲ್ಪ ಸ್ವಲ್ಪವೇ ಕುಡಿಸಬಹುದು. ಮೂತಿ ಮೇಲಕ್ಕೆತ್ತಿ ಗೊಟ್ಟದಲ್ಲಿ ಗಡಿಬಿಡಿಯಿಂದ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋದರೆ ಅದೇ ದೊಡ್ಡ ರೋಗವಾಗುತ್ತದೆ. ಮಲಗಿರುವ ಹಸುವಿಗೆ ಏನನ್ನೂ ಕುಡಿಸಬೇಡಿ. ತಂಪು ಅಂತ ಮಜ್ಜಿಗೆ ಕೊಡುವವರಿದ್ದಾರೆ. ಒಳಗೆ ಹುಳಿ ತುಂಬಿರುವಾಗ ಮೇಲಿಂದ ಮತ್ತೆ ಹುಳಿ ಯಾಕೆ?

ವಾಸಿಯಾದ ಮೇಲೂ ವಾರಗಟ್ಟಲೆ ಮೇವು ಮುಟ್ಟದ ಹಸುಗಳಿವೆ. ಒಳಗಿನ ಜೀವಿಗಳು ಸತ್ತಿರುತ್ತವಲ್ಲ. ಇಲ್ಲಿ ನನ್ನದೇ ಒಂದು ತಪ್ಪು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಹಸುವಿಗೆ ಬಾಯಿ ಮೂಲಕ ಆ್ಯಂಟಿಬಯಾಟಿಕ್ ಮಾತ್ರೆ ಕೊಡಿಸಿದ್ದೆ. ಜ್ವರ ಇಳಿಯಿತು, ಮೆಲುಕೂ ನಿಂತಿತು. ಮಾತ್ರೆಗೆ ಒಳ್ಳೆಯ ಜೀವಿ, ಕೆಟ್ಟ ಜೀವಿ ಅಂತ ಭೇದ ಗೊತ್ತಿಲ್ಲ. ನಾಲ್ಕನೇ ದಿನ ಹೋದಾಗ ಆ ಮನೆಯ ಅಜ್ಜ ಪಕ್ಕದ ಹಸು ಮೆಲುಕು ಹಾಕುವುದನ್ನೇ ಕಾಯುತ್ತಾ ಕೂತಿದ್ದರು. ಉಂಡೆ ಬಾಯಿಗೆ ಬಂದದ್ದೇ ತಡ, ಕೈ ಹಾಕಿ ಕಿತ್ತುಕೊಂಡು ಈ ಹಸುವಿನ ಬಾಯಿಗೆ ತುರುಕಿದರು. "ಮೆಲುಕು ಮರೆತೈತೆ ಕಣವ್ವ, ನೆನಪು ಮಾಡ್ತಿದೀನಿ" ಅಂದರು. ನಾನು ಒಳಗೊಳಗೇ ನಕ್ಕೆ. ಆಮೇಲೆ ಪುಸ್ತಕ ತೆಗೆದು ನೋಡಿದರೆ ಅದೇ ಚಿಕಿತ್ಸೆ ಅಲ್ಲೂ ಇದೆ. ಗಟ್ಟಿಮುಟ್ಟಾದ ಹಸುವಿನ ಮೆಲುಕು ಚೀಲದ ರಸವನ್ನು ನಳಿಕೆಯಲ್ಲಿ ತೆಗೆದು ಕಾಯಿಲೆ ಹಸುವಿಗೆ ಹಾಕುವುದು. ಅಜ್ಜನ ಕೈಯಲ್ಲಿ ನಳಿಕೆ ಇರಲಿಲ್ಲ, ಅಷ್ಟೇ. ನೀವು ಮಾತ್ರ ಕೈ ಹಾಕಲು ಹೋಗಬೇಡಿ. ಬೆರಳು ಹೋಗುತ್ತದೆ, ಆ ಹಸುವಿಗೆ ರೋಗವಿದ್ದರೆ ಅದೂ ಅಂಟುತ್ತದೆ.

ಪ್ರಶ್ನೆ: ಹಾಲು ಜಾಸ್ತಿಯಾಗಲಿ ಅಂತ ಹಿಂಡಿ, ಬೂಸಾ ಏರಿಸಿದೆ. ಹಾಲು ಸ್ವಲ್ಪ ಏರಿತು. ಆದರೆ ಡೇರಿಯಲ್ಲಿ ಫ್ಯಾಟ್ 3.5ರಿಂದ 2.9ಕ್ಕೆ ಬಿದ್ದಿದೆ. ಮಷಿನ್ ಸರಿಯಿಲ್ಲವೋ ಏನೋ?
– ಮದ್ದೂರು ಕಡೆಯ ಓದುಗರು

ಉತ್ತರ: ಮಷಿನನ್ನು ಆಮೇಲೆ ಬೈಯೋಣ. ಮೊದಲು ಒಂದು ಹಿಡಿ ಸಗಣಿಯನ್ನು ಹಳೇ ಟೀ ಜರಡಿಗೆ ಹಾಕಿ ನೀರಿನಲ್ಲಿ ತೊಳೆಯಿರಿ. ಜರಡಿಯಲ್ಲಿ ಜೋಳದ ನುಚ್ಚು ಹಾಗೇ ಉಳಿದಿದೆಯೇ? ಸಗಣಿ ನೀರಾಗಿ, ಗುಳ್ಳೆ ಗುಳ್ಳೆಯಾಗಿ ಹುಳಿ ವಾಸನೆ ಬರುತ್ತಿದೆಯೇ? ಹಾಗಿದ್ದರೆ ಇದು ಮೇಲಿನ ಪತ್ರದ ಕಾಯಿಲೆಯೇ, ಸ್ವಲ್ಪ ಸೌಮ್ಯ ರೂಪದಲ್ಲಿ. ನಾರು ಒಡೆದಾಗ ಹುಟ್ಟುವ ಅಂಶದಿಂದಲೇ ಹಸು ಹಾಲಿನ ಜಿಡ್ಡನ್ನು ಹೆಚ್ಚಾಗಿ ಕಟ್ಟುವುದು. ನಾರು ಕಡಿಮೆಯಾದರೆ ಫ್ಯಾಟೂ ಕಡಿಮೆ.

ಲೆಕ್ಕ ಇಷ್ಟು: ಮೈ ನಿಭಾಯಿಸಲು ಒಂದೂವರೆಯಿಂದ ಎರಡು ಕೆಜಿ ಹಿಂಡಿ, ಮೇಲೆ ಲೀಟರ್ ಹಾಲಿಗೆ ಸುಮಾರು 400 ಗ್ರಾಂ. ಅದನ್ನು ಒಂದೇ ಸಲ ಸುರಿಯದೆ ಎರಡು-ಮೂರು ಸಲಕ್ಕೆ ಹಂಚಿ. ಮೊದಲು ಒಣಹುಲ್ಲು, ಆಮೇಲೆ ಹಿಂಡಿ. ಬರೀ ಸೀಮೆಹುಲ್ಲು ಹಾಕಿ ರಾಗಿ ಹುಲ್ಲನ್ನು ಮರೆಯಬೇಡಿ. ಏನೇ ಬದಲಾಯಿಸಿದರೂ 10-15 ದಿನ ತೆಗೆದುಕೊಂಡು ಬದಲಾಯಿಸಿ. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ. ಅದರಲ್ಲಿರುವ ವಿಷ ಲಿವರ್ ಕೆಡಿಸುತ್ತದೆ, ಹಾಲಿಗೂ ಇಳಿಯುತ್ತದೆ.

ಪ್ರಶ್ನೆ: ಸತ್ತೆ (ಮಾಸು) ಬೀಳುವ ತನಕ ಕರುವಿಗೆ ಹಾಲು ಕುಡಿಸಬಾರದು ಅಂತ ನಮ್ಮತ್ತೆ. ಈ ಸಲ ಸತ್ತೆ ಬೀಳಲು ಹತ್ತು ಗಂಟೆ ಆಯಿತು. ಮೊದಲು ಕರೆದ ಹಾಲಿನಲ್ಲಿ ಗಿಣ್ಣು ಮಾಡಿ ಬೀದಿಗೆಲ್ಲ ಹಂಚಿದೆವು. ಕರು ಎಂಟನೇ ದಿನ ಬೇಧಿಯಾಗಿ ಸತ್ತಿತು. ಹಿಂದಿನ ವರ್ಷವೂ ಹೀಗೇ. ಯಾರಾದರೂ ಕಣ್ಣು ಹಾಕಿರಬಹುದಾ?
– ಅರಸೀಕೆರೆ ಕಡೆಯ ಓದುಗರು

ಉತ್ತರ: ಕಣ್ಣು ಯಾರೂ ಹಾಕಿಲ್ಲ ತಾಯಿ. ನಿಮ್ಮತ್ತೆಯನ್ನೂ ಬೈಯಬೇಡಿ, ಅವರ ಅತ್ತೆ ಹೇಳಿಕೊಟ್ಟದ್ದು ಅದು.

ಮನುಷ್ಯರ ಮಗುವಿಗೆ ಹೊಟ್ಟೆಯಲ್ಲಿರುವಾಗಲೇ ತಾಯಿಯಿಂದ ಒಂದಷ್ಟು ರಕ್ಷಣೆ ದಾಟಿ ಬಂದಿರುತ್ತದೆ. ಕರುವಿಗೆ ಆ ದಾರಿ ಇಲ್ಲ. ಅದು ಬರಿಗೈಯಲ್ಲಿ ಹುಟ್ಟುತ್ತದೆ. ತಾಯಿ ಇಷ್ಟು ವರ್ಷ ಕೊಟ್ಟಿಗೆಯಲ್ಲಿ ಎದುರಿಸಿದ ರೋಗಗಳಿಗೆಲ್ಲ ಕಟ್ಟಿಕೊಂಡ ರಕ್ಷಣೆಯನ್ನು ಗಿಣ್ಣು ಹಾಲಿಗೆ ಇಳಿಸಿರುತ್ತದೆ. ಹಾಲು ಹಳದಿಯಾಗಿ ಅಂಟಂಟಾಗಿರುವುದು ಸುಮ್ನೆ ಅಲ್ಲ. ಹುಟ್ಟಿದ ಹೊಸದರಲ್ಲಿ ಕರುವಿನ ಕರುಳು ಆ ರಕ್ಷಣೆಯನ್ನು ಇಡಿಯಾಗಿ ರಕ್ತಕ್ಕೆ ಬಿಟ್ಟುಕೊಳ್ಳುತ್ತದೆ. ಗಂಟೆ ಗಂಟೆಗೂ ಆ ಬಾಗಿಲು ಮುಚ್ಚುತ್ತಾ ಬಂದು, 24 ಗಂಟೆಗೆ ಪೂರ್ತಿ ಮುಚ್ಚಿಹೋಗುತ್ತದೆ. ಆಮೇಲೆ ಎಷ್ಟು ಕುಡಿಸಿದರೂ ಹೊಟ್ಟೆ ತುಂಬುತ್ತದೆ, ರಕ್ತಕ್ಕೆ ಸೇರುವುದಿಲ್ಲ. ನಿಮ್ಮ ಕರು ಹತ್ತು ಗಂಟೆ ಕಾಯಿತು. ಆಮೇಲೆ ಕುಡಿದದ್ದು ಎರಡನೇ ಸಲ ಕರೆದ ಹಾಲು. ಅದು ಮೊದಲಿನಷ್ಟು ಗಟ್ಟಿ ಅಲ್ಲ.

ಕರು 30 ಕೆಜಿ ಇದ್ದರೆ ಮೊದಲ ದಿನಕ್ಕೆ ಮೂರು ಲೀಟರ್. ಅದರಲ್ಲಿ ಅರ್ಧ ಹುಟ್ಟಿದ ಎರಡು ಗಂಟೆಯೊಳಗೆ ಹೋಗಲಿ. ಕೆಚ್ಚಲು ತೊಳೆದು ಬಿಟ್ಟರೆ ಸಾಕು, ಎದ್ದು ನಿಲ್ಲಲಾರದ್ದಕ್ಕೆ ಕರೆದು ಬಾಟಲಿಯಲ್ಲಿ ಕುಡಿಸಿ. ಕರು ಚೀಪಿದರೆ ಸತ್ತೆ ಬೀಳಲೂ ಅನುಕೂಲವೇ. ಅತ್ತೆಗೆ ಹೀಗೆ ಹೇಳಿ ನೋಡಿ, ಒಪ್ಪಬಹುದು. ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚುವುದನ್ನು ಮರೆಯಬೇಡಿ.

ಹಾಗಂತ ಗಿಣ್ಣು ಬಿಡಿ ಅನ್ನೋಳಲ್ಲ ನಾನು. ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದ ಗಿಣ್ಣು ನನಗೂ ಇಷ್ಟವೇ. ಸೀಮೆಹಸು ಕರುವಿಗೆ ಬೇಕಾದ್ದಕ್ಕಿಂತ ಜಾಸ್ತಿ ಕೊಡುತ್ತದೆ. ಕರುವಿನ ಪಾಲು ಮುಗಿದ ಮೇಲೆ ಮಿಕ್ಕಿದ್ದು, ಇಲ್ಲವೇ ಮೂರನೇ ಸಲ ಕರೆದದ್ದು ನಿಮಗೆ. ಸ್ವಲ್ಪ ಸಡಿಲವಾಗಿ ಕೂರುತ್ತದೆ, ಅಷ್ಟೇ.

ಪ್ರಶ್ನೆ: ಮೊದಲ ಮಳೆ ಬಿದ್ದು ಹಸಿರು ಚಿಗುರಿದ ಮೇಲೆ ವಾರದಲ್ಲಿ ಒಂಬತ್ತು ಕುರಿಮರಿ ಸತ್ತವು. ರಾತ್ರಿ ಚೆನ್ನಾಗಿದ್ದವು, ಬೆಳಗ್ಗೆ ಸತ್ತು ಬಿದ್ದಿದ್ದವು. ವಿಚಿತ್ರ ಅಂದರೆ ದಷ್ಟಪುಷ್ಟವಾದವೇ ಸತ್ತವು, ಬಡಕಲು ಮರಿಗಳು ಉಳಿದವು.
– ಚಳ್ಳಕೆರೆ ಕಡೆಯ ಓದುಗರು

ಉತ್ತರ: ಕರುಳು ಬೇನೆ ಇರಬೇಕು. ಆ ರೋಗಾಣು ಹೊರಗಿಂದ ಬಂದದ್ದಲ್ಲ. ಕುರಿಯ ಕರುಳಿನಲ್ಲಿ ಅಲ್ಪಸ್ವಲ್ಪ ಯಾವಾಗಲೂ ಇರುತ್ತದೆ. ಬೇಸಿಗೆಯೆಲ್ಲ ಒಣಕಡ್ಡಿ ತಿಂದ ಮರಿ ಎಳೆ ಹುಲ್ಲನ್ನು ಗಬಗಬ ಮೇಯ್ದರೆ ಅರಗದ ಮೇವು ಕರುಳಿಗೆ ಜಾರುತ್ತದೆ. ಅದನ್ನು ತಿಂದು ರೋಗಾಣು ಹೆಚ್ಚಿ ವಿಷ ಬಿಡುತ್ತದೆ. ಜಾಸ್ತಿ ಮೇಯುವುದು ಗಟ್ಟಿ ಮರಿ, ಮೊದಲು ಸಾಯುವುದೂ ಅದೇ. ನಿಮ್ಮ ಕಡೆಯೇ ಒಂದು ಬೇವಿನ ಮರದಡಿ ಇಂಥ ಮರಿಯನ್ನು ಕೊಯ್ದು ನೋಡಿದ್ದೆ. ಮೂತ್ರಪಿಂಡ ಕಳಿತ ಬಾಳೆಹಣ್ಣಿನ ಹಾಗೆ ಬೆರಳಿಗೆ ಕರಗಿ ಬಂತು. ಕುರಿ ಸಾಕುವವರು ಸುತ್ತ ನಿಂತು ನೋಡಿದರು, ಮರುವರ್ಷ ಲಸಿಕೆಗೆ ಅವರೇ ಹುಡುಕಿಕೊಂಡು ಬಂದರು.

ಲಸಿಕೆಯನ್ನು ಮುಂಗಾರಿಗೆ ಮೊದಲೇ ಹಾಕಿಸಬೇಕು. ಮೊದಲ ಸಲ ಹಾಕಿಸುವ ಮರಿಗೆ ಎರಡು-ಮೂರು ವಾರ ಬಿಟ್ಟು ಇನ್ನೊಂದು ಸಲ, ಆಮೇಲೆ ವರ್ಷಕ್ಕೊಮ್ಮೆ. ಚಿಗುರು ಹುಲ್ಲಿಗೆ ಬಿಡುವ ಮೊದಲು ಬೆಳಗ್ಗೆ ಹಟ್ಟಿಯಲ್ಲೇ ಸ್ವಲ್ಪ ಒಣಮೇವು ತಿನ್ನಿಸಿ. ಸತ್ತ ಮರಿಯ ಚರ್ಮಕ್ಕೆ ಆಸೆಪಡುವ ಮೊದಲು ಡಾಕ್ಟರಿಗೆ ತೋರಿಸಿ. ದಿಢೀರ್ ಸಾವಿಗೆ ನೆರಡಿ ರೋಗವೂ (ಆಂಥ್ರಾಕ್ಸ್) ಕಾರಣ ಇರಬಹುದು, ಅದು ಮನುಷ್ಯರನ್ನೂ ಬಿಡದು.

ಪ್ರಶ್ನೆ: 200 ಗಿರಿರಾಜ ಕೋಳಿ ಸಾಕಿದ್ದೇನೆ. ಬೇಗ ತೂಕ ಬರುತ್ತದೆ, ರೋಗವೂ ಬರಲ್ಲ ಅಂತ ಅಂಗಡಿಯವರು ಒಂದು ಪುಡಿ ಕೊಟ್ಟಿದ್ದಾರೆ. ದಿನಾ ನೀರಿಗೆ ಹಾಕಬಹುದಾ?
– ದೊಡ್ಡಬಳ್ಳಾಪುರ ಕಡೆಯ ಓದುಗರು

ಉತ್ತರ: ಅದು ಆ್ಯಂಟಿಬಯಾಟಿಕ್ ಆಗಿದ್ದರೆ ಬೇಡ. ದಿನಾ ಚೂರುಚೂರು ಕೊಟ್ಟರೆ ಸಾಯುವ ರೋಗಾಣು ಸಾಯುತ್ತವೆ, ಮದ್ದಿಗೆ ಜಗ್ಗದವು ಉಳಿದು ಮರಿ ಹಾಕುತ್ತವೆ. ನಾಳೆ ನಿಜವಾಗಿ ಕಾಯಿಲೆ ಬಂದಾಗ ಮದ್ದು ನಾಟದು, ನಿಮಗೂ ನಾಟದಿರಬಹುದು. ಕೊಲಿಸ್ಟಿನ್ ಎಂಬ ಮದ್ದನ್ನು ಕೋಳಿ, ದನಗಳಿಗೆಂದು ತಯಾರಿಸಿ ಮಾರುವುದನ್ನು ಸರ್ಕಾರ 2019ರ ಜುಲೈನಲ್ಲೇ ನಿಷೇಧಿಸಿದೆ. ಮನುಷ್ಯರಿಗೆ ಬೇರೆ ಯಾವುದೂ ನಾಟದಾಗ ಆಸ್ಪತ್ರೆಯವರು ಕೊನೆಗೆ ಹುಡುಕುವ ಮದ್ದು ಅದು.

ನಿಮ್ಮ ಶೆಡ್‌ನಲ್ಲಿ ನೆಲಕ್ಕೆ ಹಾಕಿದ ಭತ್ತದ ಹೊಟ್ಟನ್ನು ಒಂದು ಹಿಡಿ ಬಿಗಿಯಾಗಿ ಹಿಡಿದು ಬಿಡಿ. ಉದುರಿದರೆ ಸರಿ. ಉಂಡೆಯಾಗಿ ನಿಂತರೆ ತೇವ ಜಾಸ್ತಿ, ರಕ್ತಬೇಧಿಯ ರೋಗಾಣು ಬಲಿಯುವುದು ಆ ತೇವದಲ್ಲೇ. ಸೋರುವ ನೀರಿನ ಬಟ್ಟಲನ್ನು ಮೊದಲು ಬದಲಾಯಿಸಿ. ರಾಣಿಖೇತ್ ಎಂಬ ಕೋಳಿರೋಗದ ಲಸಿಕೆಯನ್ನು ನೀರಿನಲ್ಲಿ ಕೊಡುವುದಾದರೆ ಕ್ಲೋರಿನ್ ಹಾಕಿದ ನಲ್ಲಿ ನೀರು ಬೇಡ, ಬೋರ್‌ವೆಲ್ ನೀರು ಬಳಸಿ. ಪುಡಿಯ ಪೊಟ್ಟಣದ ಹಿಂಭಾಗದ ಫೋಟೊ ತೆಗೆದು ಕಳಿಸಿ, ಒಳಗೆ ಏನಿದೆ ಅಂತ ಓದಿ ಹೇಳುತ್ತೇನೆ. ಅಲ್ಲಿಯ ತನಕ ಅಟ್ಟದ ಮೇಲಿರಲಿ.