ಅಡುಗೆಮನೆ ಪ್ರಶ್ನೋತ್ತರ: ಕಮ್ಮಿ ಖರ್ಚಿನ ಡಿಪ್, ಜೊತೆಗೆ ಒಂದಿಷ್ಟು ಕುರುಕಲು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು. ನಂಚಿಕೊಳ್ಳೋಕೆ ಡಿಪ್, ಅದರಲ್ಲಿ ಅದ್ದಿ ತಿನ್ನೋಕೆ ಏನಾದರೂ ಗರಿಗರಿ. ಅಂಗಡಿಯ ಪುಟ್ಟ ಡಬ್ಬಿ ದುಬಾರಿ, ಮನೆಯಲ್ಲಿ ಮಾಡಿದರೆ ಸರಿ ಬರಲ್ಲ ಅನ್ನೋದು ಎಲ್ಲರ ದೂರು. ಹಾಗಾಗಿ ಈ ತಿಂಗಳು ಬೇರೆ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟಿದ್ದೇನೆ.

ಪ್ರಶ್ನೆ: ಮೇಡಂ, ಕಡಲೆ ರುಬ್ಬಿ ಮಾಡುವ ಹಮ್ಮಸ್ ಡಿಪ್ ಮಾಡೋಣ ಅಂತ ಡಬ್ಬಿಯಲ್ಲಿ ಬರುವ ಬೆಂದ ಕಾಬೂಲಿ ಕಡಲೆ, ಒಂದು ಬಾಟಲಿ ತಾಹಿನಿ, ಆಲಿವ್ ಎಣ್ಣೆ ಎಲ್ಲಾ ತಂದೆ. ಲೆಕ್ಕ ಹಾಕಿದರೆ ಅಂಗಡಿಯ ಹಮ್ಮಸ್‌ಗಿಂತ ಜಾಸ್ತಿ ಆಯ್ತು. ಅದೂ ಸಾಲದು ಅಂತ ತರಿತರಿ ಬೇರೆ. ಮನೆಯಲ್ಲೇ ಮಾಡಿದರೆ ಅಗ್ಗ ಅಂತ ಹೇಳೋರು ಸುಮ್ನೆ ಹೇಳ್ತಾರಾ?

ಉತ್ತರ: ಸುಮ್ನೆ ಅಲ್ಲ, ಆದರೆ ಅರ್ಧ ಮಾತ್ರ ಹೇಳ್ತಾರೆ. ನಿಮ್ಮ ಕೈ ಕಚ್ಚಿದ್ದು ಆ ತಾಹಿನಿ ಬಾಟಲಿ. ಒಂದು ಸಲಕ್ಕೆ ಬೇಕಾಗೋದು ನಾಲ್ಕು ದೊಡ್ಡ ಚಮಚ. ಉಳಿದದ್ದು ಕಪಾಟಿನ ಮೂಲೆ ಸೇರಿ, ಎಣ್ಣೆ ಮೇಲೆ ತೇಲಿ, ಕೆಳಗೆ ಕಲ್ಲಿನ ಹಾಗೆ ಗಟ್ಟಿಯಾಗಿ, ಕೊನೆಗೆ ಒಂದು ದಿನ ಕಸದ ಬುಟ್ಟಿಗೆ ಹೋಗುತ್ತದೆ. ಒಂದೇ ಒಂದು ಅಡುಗೆಗೆ ಅಂತ ಯಾವ ಬಾಟಲಿಯನ್ನೂ ತರಬೇಡಿ. ನಾನು ಹೇಳೋ ಉಳಿತಾಯದ ಲೆಕ್ಕ ಇಷ್ಟೇ.

ತಾಹಿನಿ ಅಂದರೆ ಎಳ್ಳು ರುಬ್ಬಿದ್ದು, ಇನ್ನೇನಿಲ್ಲ. ಒಂದು ಕಪ್ ಬಿಳಿ ಎಳ್ಳನ್ನು ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಹುರಿಯಿರಿ. ಘಮ ಬರುತ್ತಿದ್ದ ಹಾಗೆ ಇಳಿಸಿ, ಕೂಡಲೇ ತಟ್ಟೆಗೆ ಸುರಿದುಬಿಡಿ, ಯಾಕಂದರೆ ಬಾಣಲೆಯ ಬಿಸಿಗೇ ಅದು ಇನ್ನೂ ಕೆಂಪಾಗುತ್ತದೆ. ಎಳ್ಳು ಕೆಂಪಾದರೆ ಕಹಿ, ಆಮೇಲೆ ಎಷ್ಟು ನಿಂಬೆರಸ ಹಿಂಡಿದರೂ ಆ ಕಹಿ ಹೋಗಲ್ಲ. ಆರಿದ ಮೇಲೆ ಎರಡು ಮೂರು ಚಮಚ ಎಣ್ಣೆ ಹಾಕಿ ಮಿಕ್ಸಿಯಲ್ಲಿ ತಿರುಗಿಸಿ. ನಡುನಡುವೆ ನಿಲ್ಲಿಸಿ ಜಾರ್‌ನ ಗೋಡೆಗೆ ಅಂಟಿದ್ದನ್ನು ಕೆರೆದು ಕೆಳಗೆ ತಳ್ಳಬೇಕು. ಎಳ್ಳು ಇಲ್ಲವೇ? ಹುರಿದ ಶೇಂಗಾ ಅಥವಾ ಸೂರ್ಯಕಾಂತಿ ಬೀಜವೂ ನಡೆಯುತ್ತದೆ. ರುಚಿ ಬೇರೆ ಆಗುತ್ತದೆ, ಕೆಟ್ಟದಾಗಲ್ಲ. ಶೇಂಗಾ ಹಾಕಿದ್ದರೆ ಬಂದವರಿಗೆ ಮೊದಲೇ ಹೇಳಿ, ಕೆಲವರಿಗೆ ಅದು ಅಲರ್ಜಿ.

ಇನ್ನು ಕಡಲೆ. ಒಣ ಕಾಳೇ ತನ್ನಿ. ಒಂದು ಕಪ್ ಒಣಕಾಳು ಬೆಂದಾಗ ಎರಡೂವರೆಯಿಂದ ಮೂರು ಕಪ್ ಆಗುತ್ತದೆ. ಡಬ್ಬಿಯಲ್ಲಿ ನೀವು ದುಡ್ಡು ಕೊಡೋದು ಆ ನೀರಿಗೂ ಸೇರಿಸಿಯೇ ಅಲ್ವಾ? 8ರಿಂದ 12 ಗಂಟೆ ನೆನೆಯಲಿ, ನೆನೆಯುವ ನೀರಿಗೆ ಅರ್ಧ ಚಮಚ ಅಡುಗೆ ಸೋಡಾ ಹಾಕಿ. ಸೋಡಾದಿಂದ ಸಿಪ್ಪೆಯೊಳಗಿನ ಪೆಕ್ಟಿನ್ ಅನ್ನೋ ಅಂಟು ಸಡಿಲವಾಗುತ್ತದೆ, ಕಾಳು ಬೇಗ ಬೇಯುತ್ತದೆ, ಗ್ಯಾಸೂ ಉಳಿಯುತ್ತದೆ. ಬೆಳಿಗ್ಗೆ ಚೆನ್ನಾಗಿ ತೊಳೆದು ಹೊಸ ನೀರಿನಲ್ಲಿ ಬೇಯಿಸಿ. ತೊಳೆಯದಿದ್ದರೆ ಸೋಪಿನ ರುಚಿ ಬರುತ್ತದೆ.

ತರಿತರಿ ಆಗಿದ್ದಕ್ಕೆ ಕಾರಣ ಕಾಳು ಪೂರ್ತಿ ಬೆಂದಿರದೇ ಇದ್ದದ್ದು. ತಿನ್ನೋಕೆ ಸಾಕಾಗುವಷ್ಟು ಬೆಂದರೆ ರುಬ್ಬೋಕೆ ಸಾಲದು. ಒಂದು ಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಸುಕಿ ನೋಡಿ. ಎರಡು ಬೇಳೆಯಾಗಿ ಜಾರಿ ಹೋಯಿತೋ, ಇನ್ನೂ ಬೇಯಬೇಕು. ಬೆರಳಿಗೆ ಬೆಣ್ಣೆಯ ಹಾಗೆ ಅಂಟಿಕೊಂಡರೆ ಆಯಿತು.

ರುಬ್ಬುವಾಗ ಒಂದು ಕ್ರಮ ಇದೆ. ಮೊದಲು ಎರಡು ನಿಂಬೆಹಣ್ಣಿನ ರಸದಲ್ಲಿ ಎರಡು ಎಸಳು ಬೆಳ್ಳುಳ್ಳಿ ಜಜ್ಜಿ ಹತ್ತು ನಿಮಿಷ ಬಿಡಿ. ಬೆಳ್ಳುಳ್ಳಿಯ ಘಾಟು ಹುಟ್ಟೋದು ಜಜ್ಜಿದ ಮೇಲೆ, ಅದನ್ನು ಹುಟ್ಟಿಸುವ ಕಿಣ್ವ ಹುಳಿಯಲ್ಲಿ ಮಂಕಾಗುತ್ತದೆ. ಆಮೇಲೆ ಇದಕ್ಕೆ ನಾಲ್ಕು ಚಮಚ ತಾಹಿನಿ, ಉಪ್ಪು, ಎರಡು ಮೂರು ಚಮಚ ಐಸ್ ನೀರು ಹಾಕಿ ಬೆಳ್ಳಗಾಗುವ ತನಕ ತಿರುಗಿಸಿ. ಕೊನೆಗೆ ಎರಡು ಕಪ್ ಬೆಂದ ಕಡಲೆ, ಅದೂ ಇನ್ನೂ ಬೆಚ್ಚಗಿರುವಾಗಲೇ. ಗಟ್ಟಿ ಅನ್ನಿಸಿದರೆ ಕಡಲೆ ಬೇಯಿಸಿದ ನೀರು ಹಾಕಿ. ಆಲಿವ್ ಎಣ್ಣೆ ಮೇಲೆ ಸುರಿಯೋ ಶೋಕಿಗೆ ಮಾತ್ರ, ಬಿಟ್ಟರೂ ಯಾರೂ ಕೇಳಲ್ಲ.

ಅಂದ ಹಾಗೆ, ಬೇಯಿಸೋದಾದರೆ ಅರ್ಧ ಕಿಲೋ ಒಟ್ಟಿಗೇ ಬೇಯಿಸಿ. ಮಿಕ್ಕಿದ್ದನ್ನು ಪುಟ್ಟ ಪುಟ್ಟ ಪೊಟ್ಟಣ ಮಾಡಿ ಫ್ರೀಜರ್‌ನಲ್ಲಿಡಿ.

ಪ್ರಶ್ನೆ: ಮೊಸರಿನ ಡಿಪ್ ಮಾಡಿದರೆ ಅರ್ಧ ಗಂಟೆಯಲ್ಲೇ ನೀರು ಬಿಡುತ್ತದೆ. ದಪ್ಪ ಮೊಸರಿನ ಡಬ್ಬಿ ತರೋಣ ಅಂದರೆ ಅದರ ಬೆಲೆ ನೋಡಿ ವಾಪಸ್ ಬಂದೆ.

ಉತ್ತರ: ವಾಪಸ್ ಬಂದದ್ದೇ ಒಳ್ಳೆಯದಾಯಿತು. ಮಾಮೂಲಿ ಮೊಸರನ್ನು ತೆಳುಬಟ್ಟೆಯಲ್ಲಿ ಕಟ್ಟಿ, ಜರಡಿಯ ಮೇಲಿಟ್ಟು, ಕೆಳಗೊಂದು ಪಾತ್ರೆ ಇಟ್ಟು, ರಾತ್ರಿಯಿಡೀ ಫ್ರಿಜ್‌ನಲ್ಲಿ ಬಿಡಿ. ಹೊರಗೆ ನೇತು ಹಾಕಿದರೆ ಹುಳಿಯಾಗುತ್ತದೆ. ಅರ್ಧ ಕಿಲೋದಲ್ಲಿ ಸುಮಾರು ಅರ್ಧದಷ್ಟು ಗಟ್ಟಿ ಮೊಸರು ಸಿಗುತ್ತದೆ. ಕೆಳಗೆ ಇಳಿದ ತಿಳಿಯನ್ನು ಚೆಲ್ಲಬೇಡಿ, ಅದಕ್ಕೆ ಮುಂದಿನ ಪತ್ರದಲ್ಲಿ ಕೆಲಸ ಇದೆ.

ನೀರು ಬಿಡೋಕೆ ಇನ್ನೊಂದು ಕಾರಣ ಸೌತೆಕಾಯಿ. ತುರಿದು ಹಾಗೇ ಹಾಕ್ತೀರಾ? ತುರಿದು, ಉಪ್ಪು ಸವರಿ, ಹತ್ತು ನಿಮಿಷ ಬಿಟ್ಟು, ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿ. ಎಷ್ಟು ನೀರು ಬರುತ್ತದೆ ಅಂತ ನೋಡಿದರೆ ನಿಮಗೇ ಆಶ್ಚರ್ಯ ಆಗುತ್ತದೆ. ಆಮೇಲೆ ಡಿಪ್‌ಗೆ ಉಪ್ಪು ಹಾಕುವಾಗ ಕೈ ಬಿಗಿ ಇರಲಿ.

ಪ್ರಶ್ನೆ: ಅಕ್ಕ, ಗೋಧಿಹಿಟ್ಟಿನ ಕ್ರ್ಯಾಕರ್ ಮಾಡಿದೆ. ಓವನ್‌ನಿಂದ ತೆಗೆದಾಗ ಚೆನ್ನಾಗಿತ್ತು, ಮರುದಿನ ರಬ್ಬರ್. ಯಾಕೆ?

ಉತ್ತರ: ಬಿಸಿ ಇರುವಾಗಲೇ ಡಬ್ಬಿಗೆ ಹಾಕಿ ಮುಚ್ಚಿದಿರಾ? ನಾನೂ ಒಮ್ಮೆ ಹಾಗೇ ಮಾಡಿದ್ದೆ. ಎರಡು ಟ್ರೇ ಕ್ರ್ಯಾಕರ್, ರಾತ್ರಿ ಹನ್ನೊಂದಕ್ಕೆ, ನಿದ್ದೆಗಣ್ಣಿನಲ್ಲಿ ಡಬ್ಬಿಗೆ ತುಂಬಿದೆ. ಬೆಳಿಗ್ಗೆ ಮುಚ್ಚಳದ ಒಳಗೆಲ್ಲ ನೀರಿನ ಹನಿ, ಕ್ರ್ಯಾಕರ್ ನೆಂದ ರಟ್ಟಿನ ಹಾಗೆ.

ಅದಲ್ಲ ಅಂದರೆ ಲಟ್ಟಿಸಿದ್ದು ದಪ್ಪವಾಗಿದೆ. ಅಂಚು ಕೆಂಪಾಗಿ ನಡು ಬೆಳ್ಳಗಿದ್ದರೆ ಒಳಗೆ ಇನ್ನೂ ತೇವ ಇದೆ ಅಂತ ಅರ್ಥ. ಆ ತೇವ ರಾತ್ರಿಯಿಡೀ ನಿಧಾನಕ್ಕೆ ಹೊರಗೆ ಹರಡಿ ಎಲ್ಲವನ್ನೂ ಮೆತ್ತಗೆ ಮಾಡುತ್ತದೆ. ಒಂದು ಕಪ್ ಹಿಟ್ಟಿಗೆ ಅರ್ಧ ಸಣ್ಣ ಚಮಚ ಉಪ್ಪು, ಎರಡು ದೊಡ್ಡ ಚಮಚ ಎಣ್ಣೆ. ಎಣ್ಣೆಯನ್ನು ಮೊದಲು ಹಿಟ್ಟಿಗೆ ಬೆರಳಲ್ಲಿ ಚೆನ್ನಾಗಿ ತಿಕ್ಕಿ, ಆಮೇಲೆ ಕಾಲು ಕಪ್‌ನಷ್ಟು ನೀರು. ನೀರಿನ ಬದಲು ಮೊಸರಿನ ಆ ತಿಳಿ ಹಾಕಿ ನೋಡಿ, ಸಣ್ಣ ಹುಳಿ ಬಂದು ರುಚಿಯೇ ಬೇರೆ ಆಗುತ್ತದೆ. ಹಿಟ್ಟು ಗಟ್ಟಿಯಾಗಿರಲಿ. ಇಪ್ಪತ್ತು ನಿಮಿಷ ಮುಚ್ಚಿಟ್ಟು ಆಮೇಲೆ ಲಟ್ಟಿಸಿ, ಇಲ್ಲದಿದ್ದರೆ ಲಟ್ಟಿಸಿದಷ್ಟೂ ಎಳೆದುಕೊಳ್ಳುತ್ತದೆ. ಕೆಳಗಿರುವ ಬೆರಳು ಮಸುಕಾಗಿ ಕಾಣುವಷ್ಟು ತೆಳ್ಳಗೆ ಬೇಕು. ಫೋರ್ಕ್‌ನಲ್ಲಿ ಎಲ್ಲಾ ಕಡೆ ಚುಚ್ಚಿ, ಇಲ್ಲದಿದ್ದರೆ ಆವಿ ಸೇರಿ ಉಬ್ಬುತ್ತದೆ. 180 ಡಿಗ್ರಿಯಲ್ಲಿ 12ರಿಂದ 15 ನಿಮಿಷ. ಓವನ್ ಆರಿಸಿ, ಬಾಗಿಲು ಸ್ವಲ್ಪ ತೆರೆದು, ಒಳಗೇ ಆರಲು ಬಿಡಿ. ಪೂರ್ತಿ ಆರಿದ ಮೇಲೆ ಮುರಿದರೆ ಟಕ್ ಅನ್ನಬೇಕು.

ಓವನ್ ಇಲ್ಲದವರು ತವಾ ಮೇಲೆ ಸಣ್ಣ ಉರಿಯಲ್ಲಿ ಬಟ್ಟೆಯಿಂದ ಒತ್ತಿ ಒತ್ತಿ ಬೇಯಿಸಬಹುದು, ತಾಳ್ಮೆ ಬೇಕು ಅಷ್ಟೇ. ಮೆತ್ತಗಾದದ್ದನ್ನು ಎಸೆಯಬೇಡಿ. 150 ಡಿಗ್ರಿಯಲ್ಲಿ ಐದು ನಿಮಿಷ ಇಟ್ಟರೆ ಮತ್ತೆ ಗರಿಗರಿ.

ಒಂದು ಟ್ರೇಗೋಸ್ಕರ ಓವನ್ ಹಚ್ಚೋದು ದಂಡ. ಅದು ಬಿಸಿಯಾಗಿರುವಾಗಲೇ ನಿನ್ನೆ ಮೊನ್ನೆಯ ಬ್ರೆಡ್ಡನ್ನು ತ್ರಿಕೋನವಾಗಿ ಕತ್ತರಿಸಿ, ಎಣ್ಣೆ ಉಪ್ಪು ಸವರಿ, ಇನ್ನೊಂದು ಟ್ರೇಯಲ್ಲಿ ತಳ್ಳಿ. ಆಲೂಗಡ್ಡೆ ಸಿಪ್ಪೆಯೂ ಆಗುತ್ತದೆ, ತೊಳೆದು ಒರೆಸಿ ಒಣಗಿಸಿರಬೇಕು. ಆದರೆ ಹಸಿರು ತಿರುಗಿದ ಸಿಪ್ಪೆ ಬೇಡ, ಅದರಲ್ಲಿ ಸೋಲನೈನ್ ಅನ್ನೋ ವಿಷದ ಅಂಶ ಜಾಸ್ತಿ ಇರಬಹುದು. ಬೂಷ್ಟು ಹಿಡಿದ ಬ್ರೆಡ್ಡೂ ಬೇಡ, ಕೆರೆದು ಬಳಸೋ ಜಾಣತನವೂ ಬೇಡ.

ಪ್ರಶ್ನೆ: ಬೆಳ್ಳುಳ್ಳಿ ಎಸಳು ಎಣ್ಣೆಯಲ್ಲಿ ಮುಳುಗಿಸಿ ಬಾಟಲಿಯಲ್ಲಿಟ್ಟಿದ್ದೇನೆ, ಬೇಕಾದಾಗ ಡಿಪ್‌ಗೆ ಹಾಕಬಹುದು ಅಂತ. ಹೊರಗೇ ಇದೆ, ಮೂರು ವಾರ ಆಯ್ತು. ವಾಸನೆ ಚೆನ್ನಾಗಿಯೇ ಇದೆ.

ಉತ್ತರ: ಎಸೆಯಿರಿ. ಇವತ್ತೇ. ರುಚಿ ನೋಡೋಕೂ ಹೋಗಬೇಡಿ. ಎಣ್ಣೆಯೊಳಗೆ ಗಾಳಿ ಇಲ್ಲ, ಬೆಳ್ಳುಳ್ಳಿಯಲ್ಲಿ ಹುಳಿ ಇಲ್ಲ, ಹೊರಗಿನ ಬಿಸಿ ಬೇರೆ. ಬಾಟುಲಿಸಂ ಅನ್ನೋ ಪ್ರಾಣಕ್ಕೇ ಕುತ್ತಾಗುವ ಕಾಯಿಲೆ ತರುವ ಬ್ಯಾಕ್ಟೀರಿಯಾ ಬೆಳೆಯೋಕೆ ಇದಕ್ಕಿಂತ ಅನುಕೂಲ ಬೇಕಿಲ್ಲ, ಅದರ ವಿಷಕ್ಕೆ ವಾಸನೆಯೂ ಇರಲ್ಲ. ಮುಂದಿನ ಸಲ ಸ್ವಲ್ಪವೇ ಮಾಡಿ, ಫ್ರಿಜ್‌ನಲ್ಲಿಟ್ಟು, ನಾಲ್ಕು ದಿನದೊಳಗೆ ಮುಗಿಸಿ. ಉಳಿತಾಯದ ಅಂಕಣದಲ್ಲಿ ಎಸೆಯಿರಿ ಅಂತ ಬರೆಯೋಕೆ ನನಗೂ ಬೇಸರವೇ.

ಪ್ರಶ್ನೆ: ಹಾಸ್ಟೆಲ್‌ನಲ್ಲಿದ್ದೇನೆ. ಕೆಂಪು ರಾಜ್ಮಾದಲ್ಲಿ ಡಿಪ್ ಮಾಡಬಹುದಾ? ನನ್ನ ಹತ್ತಿರ ನಿಧಾನಕ್ಕೆ ಬೇಯಿಸುವ ಎಲೆಕ್ಟ್ರಿಕ್ ಪಾತ್ರೆ ಮಾತ್ರ ಇದೆ.

ಉತ್ತರ: ಡಿಪ್ ಚೆನ್ನಾಗಿರುತ್ತದೆ, ಆದರೆ ಆ ಪಾತ್ರೆ ಒಂದನ್ನೇ ನಂಬಬೇಡ. ಹಸಿ ರಾಜ್ಮಾದಲ್ಲಿರುವ ಲೆಕ್ಟಿನ್ ಅನ್ನೋ ವಿಷದ ಅಂಶ ಕುದಿಯುವ ಬಿಸಿಗೆ ಮಾತ್ರ ಸಾಯುತ್ತದೆ. ಅರೆಬಿಸಿಯಲ್ಲಿ ಎಷ್ಟು ಹೊತ್ತು ಬೆಂದರೂ ಹೊಟ್ಟೆ ಕೆಡುತ್ತದೆ, ವಾಂತಿ ಭೇದಿ ಗ್ಯಾರಂಟಿ ಅಂದುಕೋ. ಕನಿಷ್ಠ ಐದು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಕೊತಕೊತ ಕುದಿಸಬೇಕು. ಅದಕ್ಕೆ ಒಲೆ ಇಲ್ಲ ಅಂದರೆ ಬೆಂದು ಡಬ್ಬಿಯಲ್ಲಿ ಬರುವ ರಾಜ್ಮಾ ತಗೋ, ಇಲ್ಲಿ ಅದಕ್ಕೆ ಕೊಡುವ ದುಡ್ಡು ದಂಡ ಅಲ್ಲ. ಹಿಸುಕಿ, ನಿಂಬೆರಸ, ಜೀರಿಗೆ ಪುಡಿ, ಉಪ್ಪು, ಹೆಚ್ಚಿದ ಈರುಳ್ಳಿ. ಮಿಕ್ಸಿಯೂ ಬೇಕಿಲ್ಲ, ಲೋಟದ ತಳ ಸಾಕು.

ಪ್ರಶ್ನೆ: ಪಾಪ್‌ಕಾರ್ನ್‌ನಲ್ಲಿ ಅರ್ಧ ಕಾಳು ಅರಳಲ್ಲ. ಪೊಟ್ಟಣ ಹಳೆಯದು.

ಉತ್ತರ: ಕಾಳು ಒಣಗಿದೆ. ಅದರೊಳಗೆ ಶೇಕಡಾ 14ರಷ್ಟು ತೇವ ಇದ್ದರೇ ಆವಿಯಾಗಿ ಸಿಪ್ಪೆ ಒಡೆಯೋದು. ಮೂರು ಕಪ್ ಕಾಳಿಗೆ ಒಂದು ದೊಡ್ಡ ಚಮಚ ನೀರು ಹಾಕಿ, ಬಾಟಲಿ ಮುಚ್ಚಿ ಕುಲುಕಿ, ಮೂರು ನಾಲ್ಕು ದಿನ ಬಿಡಿ. ದಿನಕ್ಕೆರಡು ಸಲ ಕುಲುಕುತ್ತಿರಿ. ಹತ್ತು ಕಾಳು ಹಾಕಿ ನೋಡಿ, ಎಂಟು ಒಂಬತ್ತು ಅರಳಿದರೆ ಸರಿಹೋಯಿತು.

ಪ್ರಶ್ನೆ: ಮಗಳ ಹುಟ್ಟುಹಬ್ಬಕ್ಕೆ ಇಪ್ಪತ್ತು ಜನ ಬರ್ತಾರೆ. ಎಷ್ಟು ಮಾಡಲಿ? ಪ್ರತಿ ಸಲ ಜಾಸ್ತಿ ಮಾಡಿ ಉಳಿಸಿಕೊಳ್ತೇನೆ.

ಉತ್ತರ: ತಲೆಗೆ ಕಾಲು ಕಪ್ ಡಿಪ್ ಸಾಕು, ಒಟ್ಟು ಐದು ಕಪ್. ನಾಲ್ಕು ಬಗೆ ಮಾಡೋ ಉತ್ಸಾಹ ಬೇಡ, ಎರಡೇ ಇರಲಿ. ಒಂದು ಕಪ್ ಒಣ ಕಡಲೆಯಿಂದ ಸುಮಾರು ಮೂರು ಕಪ್ ಹಮ್ಮಸ್, ಒಂದು ಕಿಲೋ ಮೊಸರಿನಿಂದ ಹತ್ತಿರ ಹತ್ತಿರ ಎರಡು ಕಪ್ ಮೊಸರಿನ ಡಿಪ್. ಮೂರು ಕಪ್ ಹಿಟ್ಟಿನ ಕ್ರ್ಯಾಕರ್, ಕಡ್ಡಿ ಕಡ್ಡಿಯಾಗಿ ಹೆಚ್ಚಿದ ಕ್ಯಾರೆಟ್, ಸೌತೆಕಾಯಿ. ಮಕ್ಕಳಿಗೆ ಅರ್ಧ ಕಪ್ ಪಾಪ್‌ಕಾರ್ನ್ ಕಾಳು ಅರಳಿಸಿ, ಹದಿನಾಲ್ಕು ಹದಿನೈದು ಕಪ್ ಆಗಿ ಪಾತ್ರೆ ತುಂಬಿ ಕಾಣುತ್ತದೆ.

ಎಲ್ಲವನ್ನೂ ಒಮ್ಮೆಗೇ ಮೇಜಿನ ಮೇಲೆ ಇಡಬೇಡಿ. ಸಣ್ಣ ಬಟ್ಟಲಲ್ಲಿ ಅರ್ಧ ಇಟ್ಟು, ಖಾಲಿಯಾದಾಗ ಫ್ರಿಜ್‌ನಿಂದ ತೆಗೆದು ಬೇರೆ ಬಟ್ಟಲು ಇಡಿ. ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇದ್ದದ್ದು, ಸೆಕೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ ಇದ್ದದ್ದು, ಮತ್ತೆ ಫ್ರಿಜ್‌ಗೆ ಹೋಗಬಾರದು. ಯಾರೂ ಮುಟ್ಟದೆ ಫ್ರಿಜ್‌ನಲ್ಲೇ ಉಳಿದ ಹಮ್ಮಸ್ ಮೂರು ನಾಲ್ಕು ದಿನ ಇರುತ್ತದೆ, ಫ್ರೀಜರ್‌ಗೂ ಹಾಕಬಹುದು. ಮೊಸರಿನದನ್ನು ಮಾತ್ರ ಫ್ರೀಜರ್‌ಗೆ ಹಾಕಬೇಡಿ, ಕರಗಿದಾಗ ನೀರೊಡೆದು ನಿಲ್ಲುತ್ತದೆ. ಅದನ್ನು ಮರುದಿನ ಬೇಯಿಸಿದ ಆಲೂಗಡ್ಡೆಗೆ ಕಲಸಿ ತಿಂದುಬಿಡಿ.